ದೇವರಕಾಡಿನ ಅಯ್ಯಪ್ಪ, ಬರ್ಮಾದ ಸಂಪಿಗೆ ಮರ

ಬಿಟ್ಟಂಗಾಲದಿಂದ ವಿರಾಜಪೇಟೆ ಕಡೆ ಹೋಗಿ, ಗೋಣಿಕೊಪ್ಪಲು ಕಡೆ ಹೋಗಿ, ತೋಟದ ಸಾಲು ಮುಗಿಯೋದೇ ಇಲ್ಲ. ಕೆಳಗೆ ಕಾಫಿ, ಮೇಲೆ ಸಿಲ್ವರ್ ಮರ, ಅದಕ್ಕೆ ಹಬ್ಬಿಸಿದ ಕರಿಮೆಣಸಿನ ಬಳ್ಳಿ. ಇದರ ಮಧ್ಯೆ ಒಂದೊಂದು ಕಡೆ ಹಾಡುಹಗಲೇ ಕತ್ತಲೆ ಕವಿದ ಹಾಗೆ ಕಾಡಿನ ಒಂದು ತುಂಡು ಉಳಿದುಕೊಂಡಿರುತ್ತೆ. ಅದು ದೇವರಕಾಡು ಅಂತ ನಮ್ಮಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಹೊರಗಡೆ ಓದ್ತಿರೋ ನಮ್ಮ ಮಕ್ಕಳು ರಜಕ್ಕೆ ಬಂದಾಗ ಕೇಳ್ತಾರೆ, ಅಲ್ಲಿ ಯಾವ ದೇವರು, ಗುಡಿ ಎಲ್ಲಿ ಅಂತ. ಅವರಿಗೆ ಹೇಳೋದಕ್ಕಾದರೂ ಇರಲಿ ಅಂತ ಇದನ್ನು ಬರೀತಿದ್ದೀನಿ.

ಎಲ್ಲಾ ಕಾಡಿನಲ್ಲೂ ಒಂದೇ ದೇವರಲ್ಲ. ಭಗವತಿ ಕಾಡು ಇದೆ, ಭದ್ರಕಾಳಿದು ಇದೆ, ಈಶ್ವರನದ್ದೂ ಇದೆ. ಆದರೆ ಕಾಡಿನವನೇ ಅಂದ್ರೆ ಅಯ್ಯಪ್ಪ. ಅಯ್ಯಪ್ಪ ಅಂದ ಕೂಡಲೇ ಈಗಿನವರ ಕಣ್ಣಿಗೆ ಕಪ್ಪು ಬಟ್ಟೆ, ಇರುಮುಡಿ, ಶಬರಿಮಲೆ ಬರುತ್ತೆ. ನಮ್ಮ ಕಾಡಿನ ಅಯ್ಯಪ್ಪ ಬೇಟೆಗಾರ. ನಾಯಿಗಳನ್ನು ಕಟ್ಟಿಕೊಂಡು ರಾತ್ರಿ ಹೊತ್ತು ಕಾಡು ಸುತ್ತುವವನು. ಅದಕ್ಕೇ ಅವನಿಗೆ ಹರಕೆ ಅಂದ್ರೆ ಮಣ್ಣಿನ ನಾಯಿ. ಮರದ ಬುಡದಲ್ಲಿ ಒಂದು ಕಲ್ಲು, ಅದರ ಸುತ್ತ ಸುಟ್ಟ ಮಣ್ಣಿನ ನಾಯಿಗಳು, ಕೆಲವಕ್ಕೆ ಕಿವಿ ಇಲ್ಲ, ಕೆಲವಕ್ಕೆ ಕಾಲಿಲ್ಲ, ಮಳೆಗೆ ಪಾಚಿ ಹಿಡಿದು ಹಸಿರಾಗಿರುತ್ತವೆ. ಮಡಿಕೇರಿಯಲ್ಲಿದ್ದ ಜರ್ಮನ್ ಪಾದ್ರಿ ರಿಕ್ಟರ್ 1870ರಲ್ಲಿ ಕೊಡಗಿನ ಬಗ್ಗೆ ದೊಡ್ಡ ಪುಸ್ತಕ ಬರೆದಾಗಲೂ ಈ ಕಾಡು, ಈ ಅಯ್ಯಪ್ಪ, ಈ ನಾಯಿಗಳ ಮಾತು ಬಂದಿದೆ. 1952ರಲ್ಲಿ ಎಂ. ಎನ್. ಶ್ರೀನಿವಾಸ್ ಕೊಡವರ ಧರ್ಮದ ಬಗ್ಗೆ ಬರೆದ ಪುಸ್ತಕದಲ್ಲೂ ಬರುತ್ತೆ. ಅಂದ್ರೆ ಇದು ನಿನ್ನೆ ಮೊನ್ನೆ ಹುಟ್ಟಿದ ನಂಬಿಕೆ ಅಲ್ಲ.

ಅವನ ಕಾಡಿಗೆ ಕತ್ತಿ ಹಾಕೋ ಹಾಗಿಲ್ಲ. ಬಿದ್ದ ಕೊಂಬೆಯನ್ನೂ ಒಲೆಗೆ ತರಬಾರದು ಅಂತ ಹಿಂದಿನವರು ಹೇಳೋರು. ಮಳೆಗಾಲದಲ್ಲಿ ಒಣ ಸೌದೆಗೆ ಪರದಾಡಿದವರಿಗೆ ಗೊತ್ತು ಅದು ಎಂಥ ಕಷ್ಟದ ಕಟ್ಟು ಅಂತ. ಕೆಲವು ಅಯ್ಯಪ್ಪ ಕಾಡುಗಳಿಗೆ ಹೆಣ್ಣುಮಕ್ಕಳು ಕಾಲಿಡೋ ಹಾಗೂ ಇಲ್ಲ. ಅದು ನನಗೆ ಸರಿ ಕಾಣಲ್ಲ. ಕಾಡಿನಂಚಿನಲ್ಲಿ ನೀರು ತಂದವರು, ಸೊಪ್ಪು ಕೊಯ್ದವರು ಎಲ್ಲಾ ಹೆಂಗಸರೇ ತಾನೇ? ಇರಲಿ, ಅದನ್ನು ಇನ್ನೊಂದು ದಿನ ಮಾತಾಡೋಣ.

ಈಗ ಸ್ವಲ್ಪ ಬರ್ಮಾಕ್ಕೆ ಹೋಗಿ ಬರೋಣ. ಎರಡನೇ ಮಹಾಯುದ್ಧದಲ್ಲಿ ಕೊಡಗಿನ ಗಂಡಸರು ಆ ಕಡೆ ಹೋಗಿದ್ದವರೇ. ನಮ್ಮ ಜನರಲ್ ತಿಮ್ಮಯ್ಯನವರೂ ಅರಕಾನ್‌ನಲ್ಲಿ ಜಪಾನಿಯರ ವಿರುದ್ಧ ಪಲ್ಟನ್ ನಡೆಸಿದವರು. ಅವರು ಕಾದಾಡಿದ ಆ ದೇಶದಲ್ಲೂ ನಮ್ಮಂತೆಯೇ ಮರಕ್ಕೆ, ಬೆಟ್ಟಕ್ಕೆ, ಊರಿಗೆ ಕಾವಲು ದೇವರುಗಳಿದ್ದಾರೆ. ನಾಟ್ ಅಂತಾರೆ. ಜನ ಬೌದ್ಧರು, ಬುದ್ಧನಿಗೆ ಕೈ ಮುಗೀತಾರೆ, ಆದರೂ ದೊಡ್ಡ ಮರದ ಬುಡದಲ್ಲಿ ನಾಟ್‌ಗೆ ಒಂದು ಪುಟ್ಟ ಗೂಡು ಇಟ್ಟು ಹೂವು, ನೀರು ಇಡ್ತಾರೆ.

ಅವರ ಮನೆ ಕಾಯೋ ನಾಟ್‌ನ ಕತೆ ಕೇಳಿ. ತಗಾಂಗ್ ಅನ್ನೋ ಊರಲ್ಲಿ ಬಲಶಾಲಿ ಕಮ್ಮಾರನೊಬ್ಬ ಇದ್ದನಂತೆ. ಇವನು ಎಲ್ಲಿ ತನ್ನ ಸಿಂಹಾಸನ ಕಿತ್ತುಕೊಳ್ತಾನೋ ಅಂತ ರಾಜನಿಗೆ ಹೆದರಿಕೆ. ಕಮ್ಮಾರ ಕಾಡು ಸೇರಿದ. ರಾಜ ಏನು ಮಾಡಿದ, ಅವನ ತಂಗಿಯನ್ನೇ ಮದುವೆಯಾಗಿ, ಈಗ ನಾವು ನೆಂಟರಲ್ವಾ, ಬಾ ಅಂತ ಅವಳ ಕೈಲೇ ಕರೆಸಿದ. ಬಂದವನನ್ನು ಸಂಪಿಗೆ ಮರಕ್ಕೆ ಕಟ್ಟಿ ಬೆಂಕಿ ಇಟ್ಟ. ತಂಗಿ ಓಡಿ ಬಂದು ಅದೇ ಬೆಂಕಿಗೆ ಹಾರಿದಳು. ಇಬ್ಬರೂ ನಾಟ್ ಆಗಿ ಆ ಮರದಲ್ಲೇ ಉಳಿದು, ಅದರ ನೆರಳಿಗೆ ಬಂದವರನ್ನೆಲ್ಲಾ ಕೊಲ್ಲೋಕೆ ಶುರು ಮಾಡಿದರು. ರಾಜ ಮರ ಕೀಳಿಸಿ ಐರಾವತಿ ನದಿಗೆ ಎಸೆದ. ಅದು ತೇಲಿಕೊಂಡು ಹೋಗಿ ಪಗಾನ್ ಹತ್ತಿರ ದಡ ಸೇರ್ತು. ಅಲ್ಲಿನ ರಾಜ ಆ ಮರದಲ್ಲೇ ಅಣ್ಣ ತಂಗಿಯ ಮೂರ್ತಿ ಕೆತ್ತಿಸಿ ಪೋಪಾ ಬೆಟ್ಟದ ಮೇಲೆ ಇಡಿಸಿದ. ಇವತ್ತಿಗೂ ಬರ್ಮಾದ ಮನೆಗಳಲ್ಲಿ ಆ ಅಣ್ಣನ ಹೆಸರಲ್ಲಿ ಕೆಂಪು ಬಟ್ಟೆ ಸುತ್ತಿದ ಒಂದು ತೆಂಗಿನಕಾಯಿ ತೂಗು ಹಾಕ್ತಾರೆ. ಸುಟ್ಟುಕೊಂಡು ಸತ್ತವನು, ಎಳನೀರು ಅವನ ಉರಿ ತಣಿಸಲಿ ಅಂತ. ಬೆಂಕಿ ಅವನ ಹತ್ತಿರ ತರೋಲ್ಲ.

ಆಮೇಲೆ ಅನೋರಥ ಅಂತ ಒಬ್ಬ ರಾಜ, 1044ರಿಂದ 1077ರವರೆಗೆ ಪಗಾನ್ ಆಳಿದವನು, ಈ ಪೂಜೆಯನ್ನೆಲ್ಲಾ ನಿಲ್ಲಿಸೋಕೆ ನೋಡಿದನಂತೆ. ಆಗಲಿಲ್ಲ. ಕೊನೆಗೆ ಮೂವತ್ತಾರು ನಾಟ್‌ಗಳ ಮೇಲೆ ಇಂದ್ರನನ್ನು ಮೂವತ್ತೇಳನೆಯವನಾಗಿ ಕೂರಿಸಿ, ಅವುಗಳ ಮೂರ್ತಿಗಳನ್ನು ಶ್ವೆಝಿಗೋನ್ ಪಗೋಡದ ಆವರಣಕ್ಕೇ ತಂದಿಟ್ಟ. ನಾಟ್ ನೋಡೋಕೆ ಬಂದವರು ಬುದ್ಧನನ್ನೂ ನೋಡಿ ಹೋಗಲಿ ಅಂತ ಅವನ ಲೆಕ್ಕ.

ನನಗೆ ಈ ಕತೆಯಲ್ಲಿ ಹಿಡಿಸಿದ್ದು ಏನಂದ್ರೆ, ಅಲ್ಲಿ ಮರ ಹೋದರೂ ದೇವರು ಮೂರ್ತಿಗೆ ಇಳಿದ, ಬೆಟ್ಟ ಹತ್ತಿದ, ತೆಂಗಿನಕಾಯಿಗೆ ಬಂದ, ಪಗೋಡಕ್ಕೂ ಬಂದ. ನಮ್ಮ ಅಯ್ಯಪ್ಪ ಹಾಗಲ್ಲ. ಅವನಿಗೆ ಗೋಡೆ ಇಲ್ಲ, ಹೆಂಚಿಲ್ಲ, ಇರೋದೇ ಕಾಡು. ಅದರಲ್ಲಿ ಒಂದು ಎಕರೆ ಹೋಯ್ತು ಅಂದ್ರೆ ಅವನ ಮನೆಯಲ್ಲೇ ಒಂದು ಕೋಣೆ ಹೋದ ಹಾಗೆ.

ಎಷ್ಟು ಹೋಗಿದೆ ಅಂತೀರಾ? 1834ರಲ್ಲಿ ಕೊಡಗು ಇಂಗ್ಲಿಷರ ಕೈಗೆ ಹೋಯ್ತು. 1850ರ ನಂತರ ದೊಡ್ಡ ಕಾಫಿ ತೋಟಗಳು ಎದ್ದವು, ಕಾಡಿಗೆ ಬೆಲೆ ಬಂತು. 1905ರಲ್ಲಿ ದೇವರಕಾಡುಗಳು ಅರಣ್ಯ ಇಲಾಖೆಯಿಂದ ಕಂದಾಯ ಇಲಾಖೆಗೆ ಹೋದವು. ಆಗ ಲೆಕ್ಕದಲ್ಲಿದ್ದದ್ದು ಸುಮಾರು 15,500 ಎಕರೆ. 1985ರಲ್ಲಿ ವಾಪಸ್ ಅರಣ್ಯ ಇಲಾಖೆಗೆ ಬರೋ ಹೊತ್ತಿಗೆ ಉಳಿದದ್ದು ಸುಮಾರು 6,300 ಎಕರೆ. ಎಂಬತ್ತು ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಮಾಯ. ಎಂ. ಎ. ಕಲಾಂ ಅನ್ನೋ ಮಾನವಶಾಸ್ತ್ರಜ್ಞರು ಇದರ ಮೇಲೆ 1996ರಲ್ಲಿ ಒಂದು ಅಧ್ಯಯನವನ್ನೇ ಪ್ರಕಟಿಸಿದ್ದಾರೆ. ಜಿಲ್ಲೆಯಲ್ಲಿ ಈಗ ಲೆಕ್ಕಕ್ಕೆ ಸಿಗೋದು 1,214 ದೇವರಕಾಡು. ಕೇಳೋಕೆ ದೊಡ್ಡ ಸಂಖ್ಯೆ, ಆದರೆ ಭಾಗ ಮಾಡಿ ನೋಡಿ, ಒಂದಕ್ಕೆ ಸರಾಸರಿ ಐದು ಎಕರೆ ಚಿಲ್ಲರೆ. ತಲೆತಲಾಂತರ ದೇವರ ಭಯಕ್ಕೆ ನಿಂತಿದ್ದ ಕಾಡು ಒಂದು ಕಾಗದ ಈ ಕಚೇರಿಯಿಂದ ಆ ಕಚೇರಿಗೆ ಹೋದ ಮೇಲೆ ಕರಗಿತು. ತಿಂದವರು ದೂರದವರಲ್ಲ. ಬೇಲಿ ಒಂದೊಂದು ಮಾರು ಆಚೆಗೆ ಹೋಗಿದ್ದು ಪಕ್ಕದ ತೋಟಗಳಿಂದಲೇ.

ಉಳಿದ ತುಂಡುಗಳು ಸಣ್ಣವು, ಏನು ಪ್ರಯೋಜನ ಅನ್ನಬೇಡಿ. ಪೊನ್ನಂಪೇಟೆ ಅರಣ್ಯ ಕಾಲೇಜಿನ ಕುಶಾಲಪ್ಪನವರೂ ಇನ್ನು ಕೆಲವರೂ ಸೇರಿ ನಮ್ಮ ಜಿಲ್ಲೆಯ ದೇವರಕಾಡು, ರಿಸರ್ವ್ ಫಾರೆಸ್ಟ್, ಕಾಫಿ ತೋಟ ಮೂರನ್ನೂ ಹೋಲಿಸಿ ಮರ, ಹಕ್ಕಿ, ಅಣಬೆ ಎಣಿಸಿದ್ದರು. 2005ರಲ್ಲಿ ಅದು ಪ್ರಕಟವಾಯ್ತು. ಅಳಿವಿನಂಚಿನ ಮರಗಳು ರಿಸರ್ವ್ ಫಾರೆಸ್ಟ್‌ಗಿಂತ ದೇವರಕಾಡಲ್ಲೇ ಜಾಸ್ತಿ ಸಿಕ್ಕವು. ಗಾರ್ಡ್ ಇಲ್ಲ, ಗೇಟ್ ಇಲ್ಲ, ಇದ್ದದ್ದು ಮಣ್ಣಿನ ನಾಯಿಗಳು. ಅಣಬೆಯನ್ನೂ ಎಣಿಸಿದರು ಅಂತ ಓದಿದಾಗ ನನಗೆ ನಗು ಬಂತು. ಮೊದಲ ಮಳೆಗೆ ಕುಮ್ಮು ಎಲ್ಲಿ ಏಳುತ್ತೆ ಅಂತ ನಮ್ಮ ಕಡೆ ಹೆಂಗಸರನ್ನು ಕೇಳಿದ್ರೆ ಯಾರೂ ಬಾಯಿ ಬಿಡಲ್ಲ, ವಿಜ್ಞಾನಿಗಳು ಬಂದರೂ ಅಷ್ಟೇ.

ಈಗ ಹೊಸದೊಂದು ಶುರುವಾಗಿದೆ. ಭಕ್ತಿ ಜಾಸ್ತಿಯಾಗಿ ಕಾಡಿನ ನಡುವೆ ಕಾಂಕ್ರೀಟ್ ಗುಡಿ, ಟೈಲ್ಸ್, ಊಟದ ಹಾಲ್, ಕಾರು ನಿಲ್ಲಿಸೋಕೆ ಜಾಗ. ಮಾಡುವವರ ಮನಸ್ಸು ಕೆಟ್ಟದಲ್ಲ, ಮಳೆಯಲ್ಲಿ ನೆನೆಯೋ ದೇವರಿಗೆ ಸೂರು ಕಟ್ಟೋಣ ಅನ್ನೋದೇ. ಆದರೆ ಬೇಟೆಗಾರನಿಗೆ ಸೂರು ಯಾಕೆ ಹೇಳಿ? ಒಮ್ಮೆ ಗುಡಿಯಲ್ಲಿ ಕೂರಿಸಿದ ಮೇಲೆ ಸುತ್ತಲಿನ ಮರಕ್ಕೆ ಇದ್ದ ಭಯ ಹೋಗುತ್ತೆ. ಅನೋರಥ ರಾಜನ ಲೆಕ್ಕ ಬರ್ಮಾಕ್ಕೆ ಸರಿ ಹೋಗಿರಬಹುದು, ನಮಗೆ ಹೊಂದಲ್ಲ.

ಕಾಡಿನ ಅಯ್ಯಪ್ಪನನ್ನು ಎದುರಿಗೇ ನಿಂತು ಲೆಕ್ಕ ಕೇಳೋರು ಅಂದ್ರೆ ಕುರುಬರು, ಯರವರು. ತಿತಿಮತಿ ಹತ್ತಿರದ ದೇವರಪುರದಲ್ಲಿ ಮೇ ತಿಂಗಳಲ್ಲಿ ಕುಂಡೆ ಹಬ್ಬ. ಆ ಹೊತ್ತಿಗೆ ಗೋಣಿಕೊಪ್ಪಲಿಗೆ ಹೋಗಿದ್ದರೆ ನೀವೂ ಕೇಳಿಸಿಕೊಂಡಿರ್ತೀರಿ, ಮಕ್ಕಳ ಕಿವಿ ಮುಚ್ಚಬೇಕು, ಹಾಗೆ ಬೈತಾರೆ. ಗಂಡಸರು ಸೀರೆ ಉಟ್ಟು, ಡಬ್ಬ ಬಡೀತಾ, ಎದುರಿಗೆ ಸಿಕ್ಕವರನ್ನೂ ದೇವರನ್ನೂ ಬಿಡಲ್ಲ. ಕಾರಣ ಹೀಗಂತೆ. ಅಯ್ಯಪ್ಪ ಕುರುಬರನ್ನು ಬೇಟೆಗೆ ಅಂತ ಕಾಡಿನೊಳಗೆ ಕರೆದುಕೊಂಡು ಹೋದ. ನಡುವೆ ಭದ್ರಕಾಳಿ ಸಿಕ್ಕಳು. ಅವಳ ಹಿಂದೆ ಹೊರಟವನು ಇವರನ್ನು ಕಾಡಿನಲ್ಲೇ ಬಿಟ್ಟುಬಿಟ್ಟ. ಆ ಸಿಟ್ಟು ವರ್ಷಕ್ಕೊಂದು ದಿನ ಹೊರಗೆ ಬರುತ್ತೆ. ಕಾಡಿನಿಂದ ಹೊರಗೆ ಬಿದ್ದು ತೋಟದ ಲೈನ್ ಮನೆ ಸೇರಿದ ಆ ಜನಕ್ಕೆ ಬೈಯೋಕೆ ಬೇರೆ ಕಾರಣಗಳೂ ಇವೆ, ಅದು ನಮಗೆಲ್ಲಾ ಗೊತ್ತಿರೋದೇ. ಬೈದು ಬೈದು ದಣಿದ ಮೇಲೆ ದೇವರಪುರದ ಗುಡಿ ಮುಂದೆ ನಿಂತು ತಪ್ಪಾಯ್ತಪ್ಪ ಅಂತ ಕೈ ಮುಗಿದು ಹೊರಡ್ತಾರೆ. ಮುಂದಿನ ವರ್ಷ ಮತ್ತೆ ಬರ್ತಾರೆ, ಅದೇ ಬೈಗುಳ.