ಸೂರಿನ ಕೆಳಗಿನ ಕಲ್ಲುಸಾಲು

ಜಪಾನಿನ ಹಳೆಯ ಮರದ ಕಟ್ಟಡಗಳ ಚಿತ್ರ ನೋಡುವಾಗ ಕಣ್ಣು ಸಹಜವಾಗಿ ಬಾಗಿದ ಮಾಡಿನತ್ತ ಹೋಗುತ್ತದೆ. ಕೆಳಗೆ, ಗೋಡೆಯಿಂದ ಕೆಲವು ಅಡಿ ಆಚೆ, ಸೂರಂಚಿನ ನೇರಕ್ಕೆ ಉರುಟು ಕಲ್ಲುಗಳ ಒಂದು ಪಟ್ಟಿ ಕಟ್ಟಡವನ್ನು ಸುತ್ತುವುದುಂಟು. ಅದರ ಹೆಸರು ‘ಅಮಾ-ಒಚಿ’, ಅಂದರೆ ಮಳೆ ಬೀಳುವ ಜಾಗ. ಗೋಡೆಗೂ ಅದಕ್ಕೂ ನಡುವಿನ ಕಿರಿದಾದ ಜಾಗಕ್ಕೆ ‘ಇನುಬಾಶಿರಿ’ ಎನ್ನುತ್ತಾರೆ. ಪದಶಃ ನಾಯಿಯ ಓಟ. ನಾಯಿ ಓಡುವಷ್ಟೇ ಅಗಲ ಎಂದಿರಬೇಕು.

ಮಾಡಿಗೆ ದೋಣಿ ಕಟ್ಟದಿದ್ದರೆ ಅದರ ನೀರೆಲ್ಲ ಒಂದೇ ಗೆರೆಯ ಮೇಲೆ ಬೀಳುತ್ತದೆ. ನಮ್ಮ ಮಲೆನಾಡಿನ ಹಂಚಿನ ಮನೆಯ ಅಂಗಳದಲ್ಲಿ ಸೂರುನೀರು ಕೊರೆದ ಕುಳಿಗಳ ಸಾಲನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಕುಳಿಗಿಂತ ಕೆಟ್ಟದ್ದು ಸಿಡಿಯುವ ಕೆಸರು: ಅದು ಹಲಗೆಯ ಬುಡವನ್ನು ಸದಾ ತೇವವಾಗಿಟ್ಟು ಕೊಳೆಸುತ್ತದೆ. ಕಲ್ಲು ಹನಿಯ ಪೆಟ್ಟನ್ನು ಒಡೆದು, ನೀರನ್ನು ಸಂದಿಯಿಂದ ಇಳಿಸುತ್ತದೆ.

ಅಲ್ಲಿ ಮೊದಲು ಕಂಬಗಳನ್ನು ನೇರ ಮಣ್ಣಿನಲ್ಲೇ ಹೂಳುತ್ತಿದ್ದರು. 588ರಲ್ಲಿ ಆರಂಭವಾದ ಅಸುಕಾ ದೇಗುಲಕ್ಕಾಗಿ ಕೊರಿಯಾದ ಬೆಕ್ಜೆ ರಾಜ್ಯದಿಂದ ಬಂದ ಕುಶಲಿಗಳು ಹಂಚಿನ ಮಾಡನ್ನೂ ಕಂಬದಡಿಯ ಕಲ್ಲನ್ನೂ ಕಲಿಸಿದರು. ಕಂಬ ಮಣ್ಣು ಬಿಟ್ಟು ಮೇಲೆದ್ದ ಮೇಲೂ ನೀರಿನ ಸಮಸ್ಯೆ ಉಳಿಯಿತು.

ಇಂದು ಮನೆಯ ಸುತ್ತ ಕಲ್ಲು ಹಾಸುವುದನ್ನು ‘ನಿರ್ವಹಣೆ ಬೇಡದ’ ಅಲಂಕಾರವೆಂದು ಮಾರುತ್ತಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಕಲ್ಲಿನ ಸಂದಿಯಲ್ಲಿ ಎಲೆ, ಹೂಳು ತುಂಬಿದರೆ ನೀರು ನಿಲ್ಲುತ್ತದೆ. ಆಗಾಗ ಎತ್ತಿ ತೊಳೆದು ಮತ್ತೆ ಹಾಸಬೇಕು. ಕೆಳಗಿನ ನೆಲ ಗೋಡೆಯ ಕಡೆಗೆ ಇಳಿಜಾರಾಗಿದ್ದರಂತೂ ಕಲ್ಲು ಬರಿಯ ಮುಸುಕು. ಹುಲ್ಲು ಕತ್ತರಿಸುವ ಕೆಲಸ ತಪ್ಪಿತು, ಅಷ್ಟೆ.

ಆದರೆ ಯಾರೂ ನೋಡಿಕೊಳ್ಳದೆ ಹೋದಾಗಲೂ ಈ ಸಾಲು ಒಂದು ಕೆಲಸ ಮಾಡುತ್ತದೆ. ನಾರಾ ನಗರದ ಹೆಯ್ಜೊ ಅರಮನೆ 710ರಿಂದ 784ರವರೆಗೆ ರಾಜಧಾನಿಯ ಕೇಂದ್ರವಾಗಿತ್ತು. ರಾಜಧಾನಿ ಬೇರೆಡೆಗೆ ಹೋಯಿತು, ಮರದ ಕಟ್ಟಡಗಳು ಅಳಿದವು, ನೆಲ ಭತ್ತದ ಗದ್ದೆಯಾಯಿತು. ಇಂಥ ನೆಲೆಗಳನ್ನು ಅಗೆಯುವ ಪುರಾತತ್ವಜ್ಞರು ಕಂಬದ ಗುಳಿಗಳ ಜೊತೆಗೆ ಹನಿ ಬಿದ್ದ ಕಾಲುವೆಯನ್ನೂ ಹುಡುಕುತ್ತಾರೆ. ಕಂಬದ ಸಾಲಿಗೂ ಆ ಕಾಲುವೆಗೂ ಇರುವ ಅಂತರವೇ ಸೂರಿನ ಚಾಚು. ಮಾಡಿನ ಎತ್ತರವಾಗಲಿ ಬಾಗಾಗಲಿ ಅದರಿಂದ ತಿಳಿಯದು. ಮಾಡು ಎಲ್ಲಿಗೆ ಮುಗಿಯುತ್ತಿತ್ತು ಎಂಬುದನ್ನು ಮಾತ್ರ, ಸಾವಿರದ ಇನ್ನೂರು ವರ್ಷದ ನಂತರವೂ, ಅಳತೆ ಪಟ್ಟಿ ಹಿಡಿದು ಹೇಳಬಹುದು.