ಸುಟ್ಟ ರೆಕ್ಟಿಫೈಯರಿನ ಪಾಠ

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿಯಿತು. ದಿಕ್ಕು ಬದಲಿಸುತ್ತಲೇ ಇರುವ ಎ.ಸಿ. ಅದು. ಅದನ್ನು ಏಕಮುಖವಾಗಿಸುವ ಪಾದರಸದ ರೆಕ್ಟಿಫೈಯರನ್ನು ಅಮೆರಿಕದ ಪೀಟರ್ ಕೂಪರ್ ಹೆವಿಟ್ ರಚಿಸಿದ್ದೂ ಅದೇ ವರ್ಷ. ಮುಂದೆ ಪಾದರಸದ ಜಾಗಕ್ಕೆ ಸಿಲಿಕಾನ್ ಬಂದಿತು.

1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾದ ಮೇಲೆ ಹರಿಹರ ಲೇತುಗಳಿಗೆ ಹೆಸರಾಯಿತು. ದಾವಣಗೆರೆಯಿಂದ ನಿತ್ಯ ಹೋಗಿ, ಅಲ್ಲಿನ ಸಣ್ಣ ವರ್ಕ್‌ಶಾಪೊಂದರಲ್ಲಿ ನಾನು ಕೆಲಸ ಕಲಿತೆ. ಗ್ರೈಂಡಿಂಗ್ ಯಂತ್ರದ ಮೇಲೆ ಕಬ್ಬಿಣವನ್ನು ಹಿಡಿದಿಡುವ ವಿದ್ಯುತ್ ಅಯಸ್ಕಾಂತಕ್ಕೆ ಡಿ.ಸಿ. ಬೇಕು, ಹಿಡಿತ ತಪ್ಪಿದರೆ ತುಂಡು ಹಾರಿ ಆಳಿಗೆ ಬಡಿಯುತ್ತದೆ.

ಒಮ್ಮೆ ರೆಕ್ಟಿಫೈಯರ್ ಸುಟ್ಟಿತು. ಹೊಸದು ಹಾಕಿದೆ, ಅದೂ ಸುಟ್ಟಿತು.

“ಸತ್ತದ್ದನ್ನ ಎತ್ತಿ ಹಾಕಿದ್ರೆ ಆತೇನಪ್ಪ? ಕೊಂದೋರ್ಯಾರು, ನೋಡು,” ಎಂದರು ಮೇಸ್ತ್ರಿ.

ಮೀಟರಿಟ್ಟು ನೋಡಿದರೆ, ಯಂತ್ರದ ನೀರಿಳಿದು ಅಯಸ್ಕಾಂತದ ಸುರುಳಿಯೇ ಷಾರ್ಟ್ ಆಗಿತ್ತು. ಸುರುಳಿ ಸುತ್ತಿಸಿ, ಸೋರಿಕೆ ನಿಲ್ಲಿಸಿ, ಆಮೇಲೆ ಮೂರನೆಯದನ್ನು ಹಾಕಿದೆವು. ಅದು ಬಾಳಿತು.