ಎರಡು ಪುಷ್ಪಕ, ಒಂದೇ ಶೆಲ್ಫು

"ನೋಡಿದ್ಯೇನೋ, ನಮ್ಮ ದುರ್ಗದ ಕಡೆ ಪುಷ್ಪಕ ವಿಮಾನ ಇಳಿದೈತಂತೆ!"

2024ರ ಮಾರ್ಚ್ 22ರಂದು ಹೊಳಲ್ಕೆರೆಯಿಂದ ಮಾವನ ಫೋನು. ಅವತ್ತು ಬೆಳಿಗ್ಗೆ ಚಳ್ಳಕೆರೆ ತಾಲ್ಲೂಕಿನ ಪರೀಕ್ಷಾ ರನ್‌ವೇಯಲ್ಲಿ ಇಸ್ರೋದ ರೆಕ್ಕೆಯಿರುವ ಮರುಬಳಕೆ ವಾಹನ ತಾನಾಗಿಯೇ ಇಳಿದಿತ್ತು. ಚಿನೂಕ್ ಹೆಲಿಕಾಪ್ಟರು ಅದನ್ನು 4.5 ಕಿ.ಮೀ. ಎತ್ತರದಿಂದ ಬಿಟ್ಟಿತ್ತು. ಹೆಸರು ಪುಷ್ಪಕ್.

"ಮಾವ, ಪುಷ್ಪಕ ನನ್ನ ಮೇಜಿನ ಮೇಲೆ ಆಗಲೇ ಇದೆ, ರೆಕ್ಕೆ ಅಂಟಿಸೋದು ಬಾಕಿ" ಅಂದೆ. ಅವರಿಗೆ ಅರ್ಥವಾಗಲಿಲ್ಲ. ಅದಕ್ಕೇ ಈ ಬರಹ :)

ನನ್ನ ಮೇಜಿನ ಮೇಲಿದ್ದದ್ದು ಹಳೆಯ ಪುಷ್ಪಕ. ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ್ದು, ಮೊದಲ ಹಾರಾಟ 1958ರ ಸೆಪ್ಟೆಂಬರ್ 28. ಅಮೆರಿಕದ ಏರೋಂಕಾ ಚೀಫ್ ಎಂಬ ಪುಟ್ಟ ವಿಮಾನವೇ ಅದಕ್ಕೆ ಆಧಾರ. ಲೋಹದ ಹಂದರ, ಮೇಲೆ ಬಟ್ಟೆಯ ಹೊದಿಕೆ, ತಲೆಯ ಮೇಲೆ ರೆಕ್ಕೆ, 90 ಅಶ್ವಶಕ್ತಿಯ ಎಂಜಿನ್. ನೂರೈವತ್ತರಷ್ಟು ತಯಾರಾದವು. ಹೋಗಿದ್ದು ಯುದ್ಧಕ್ಕಲ್ಲ, ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆ. ವಿಮಾನ ಹಾರಿಸೋದನ್ನ ಎಷ್ಟೋ ಜನ ಕಲಿತದ್ದು ಇದರಲ್ಲೇ.

ಮಾಡೆಲ್ ಅಂಗಡಿಗಳಲ್ಲಿ ಸ್ಪಿಟ್‌ಫೈರ್ ಬೇಕಾದರೆ ಹತ್ತು ಡಬ್ಬ ಕೊಡ್ತಾರೆ. ಪುಷ್ಪಕ ಕೇಳಿದರೆ "ಯಾವುದು ಸಾರ್ ಅದು?" ಅಂತಾರೆ. ಹಾಗಾಗಿ ಬಾಲ್ಸಾ ಮರ, ಪ್ಲಾಸ್ಟಿಕ್ ಹಾಳೆ, ಉಪ್ಪುಕಾಗದ ತಂದು 1:72 ಅಳತೆಯಲ್ಲಿ ನಾನೇ ಶುರು ಮಾಡಿದೆ. ಮೊದಲ ಸಲ ಪೂರ್ತಿ ಎಡವಟ್ಟು. ಚೀಫ್‌ನ ನಕ್ಷೆ ಅಂದುಕೊಂಡು ಅದರ ಸೋದರ ಚಾಂಪ್‌ನ ನಕ್ಷೆ ಇಟ್ಟುಕೊಂಡು ಕೆತ್ತಿದ್ದೆ. ರೆಕ್ಕೆ, ಬಾಲ ಎರಡರದ್ದೂ ಹೆಚ್ಚುಕಮ್ಮಿ ಒಂದೇ, ಅನುಮಾನವೇ ಬರಲಿಲ್ಲ. ಕೊನೆಗೆ ಸೀಟು ಕೂರಿಸಲು ಹೋದರೆ ಎರಡು ಪಕ್ಕಪಕ್ಕ ಹಿಡಿಯಲೇ ಇಲ್ಲ! ಚಾಂಪ್‌ನಲ್ಲಿ ಸೀಟುಗಳು ಒಂದರ ಹಿಂದೆ ಒಂದು, ಚೀಫ್‌ನಲ್ಲಿ ಪಕ್ಕಪಕ್ಕ. ಕೆಲವೇ ಮಿಲಿಮೀಟರ್ ವ್ಯತ್ಯಾಸ, ಎರಡು ವಾರದ ಕೆಲಸ ಕಸದ ಬುಟ್ಟಿಗೆ.

ಆದರೆ ಆ ಮಿಲಿಮೀಟರುಗಳಲ್ಲೇ ಪುಷ್ಪಕದ ಕಥೆ ಇದೆ ಅಂತ ಆಮೇಲೆ ಹೊಳೆಯಿತು. ಇದರಲ್ಲಿ ಗುರು ಶಿಷ್ಯರು ಭುಜಕ್ಕೆ ಭುಜ ತಾಗಿಸಿ ಕೂರುತ್ತಿದ್ದರು. ಶಿಷ್ಯನ ಕೈ ನಡುಗಿದರೆ ಗುರುವಿಗೆ ಕಾಣುತ್ತಿತ್ತು, ಗುರುವಿನ ಕೈ ಏನು ಮಾಡುತ್ತಿದೆ ಅಂತ ಶಿಷ್ಯನಿಗೂ ಕಾಣುತ್ತಿತ್ತು. ಇದನ್ನು ನನಗೆ ಯಾವ ಪುಸ್ತಕವೂ ಹೇಳಿರಲಿಲ್ಲ, ಹಿಡಿಸದ ಸೀಟು ಹೇಳಿತು.

ಎರಡನೇ ಸಲ ಸರಿಯಾಯಿತು. ಹೊಸ ಪುಷ್ಪಕದ್ದೂ ಒಂದು ಮಾಡಿ ಪಕ್ಕದಲ್ಲಿಟ್ಟೆ. ಹಳೆಯದರ ಉದ್ದ 6.4 ಮೀಟರ್, ಹೊಸದು 6.5. ನನ್ನ ಶೆಲ್ಫಿನಲ್ಲಿ ಎರಡೂ 9 ಸೆಂ.ಮೀ. ಆಸುಪಾಸು! ರೆಕ್ಕೆ ಮಾತ್ರ ಹಳೆಯದಕ್ಕೆ 15 ಸೆಂ.ಮೀ. ದಾಟುತ್ತದೆ, ಹೊಸದಕ್ಕೆ ಬರೀ 5. ಹಳೆಯದು ಗಂಟೆಗೆ 140 ಕಿ.ಮೀ. ಆಸುಪಾಸಿನಲ್ಲಿ ಆರಾಮಾಗಿ ತೇಲುತ್ತಿತ್ತು. ಹೊಸದು 2024ರ ಜೂನ್ 23ರಂದು ಮತ್ತೆ ಅದೇ ರನ್‌ವೇಗೆ ಇಳಿದಾಗ ವೇಗ 320 ಕಿ.ಮೀ. ಮೀರಿತ್ತು. ರಾಮಾಯಣದ ಪುಷ್ಪಕದಲ್ಲಿ ಎಷ್ಟು ಜನ ಹತ್ತಿದರೂ ಇನ್ನೊಬ್ಬರಿಗೆ ಜಾಗ ಇರುತ್ತಂತೆ. ಎಚ್‌ಎಎಲ್‌ನದಕ್ಕೆ ಎರಡೇ ಸೀಟು, ಇಸ್ರೋದ್ದಕ್ಕೆ ಒಂದೂ ಇಲ್ಲ.

ಕಳೆದ ಸಲ ಊರಿಗೆ ಹೋಗುವಾಗ ಹಳೆಯದನ್ನು ಊಟದ ಡಬ್ಬಿಯಲ್ಲಿ ಹತ್ತಿ ಸುತ್ತಿ ಒಯ್ದೆ. ಹಿರಿಯೂರಿನಲ್ಲಿ ಟೀಗೆ ಇಳಿದಾಗ ತೆಗೆದು ನೋಡಿದರೆ ರೆಕ್ಕೆಯ ಒಂದು ಆಸರೆ ಕಡ್ಡಿ ಮುರಿದಿತ್ತು. ಮಾವ ಅದನ್ನೇ ಅಂಗೈಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. "ಇದ್ನ ಬೆಂಗ್ಳೂರ್ನಾಗೆ ಮಾಡ್ತಿದ್ರಾ? ನಮಿಗ್ಯಾರೂ ಹೇಳ್ಲೇ ಇಲ್ವಲ್ಲೋ" ಅಂದರು.

ನನಗೆ ಚುಚ್ಚಿದ್ದು ಆ ಮಾತು. ಹೊಸ ಪುಷ್ಪಕ ಇಳಿದಿದ್ದಕ್ಕೆ ವೀಡಿಯೋ ಇದೆ, ಸುದ್ದಿ ಇದೆ. ಹಳೆಯದರ ಬಟ್ಟೆಯ ಮೈ ಬಿಸಿಲು ಮಳೆಗೆ ಬಿಟ್ಟರೆ ಉಳಿಯುವಂಥದ್ದಲ್ಲ. ಅರವತ್ತರ ದಶಕದಲ್ಲಿ ಅದರಲ್ಲಿ ಕಲಿತವರಿಗೆ ಈಗ ಎಂಬತ್ತರ ಹತ್ತಿರ. ಅವರು ಹೇಳದೇ ಹೋದರೆ ನಾವು ಯಾರನ್ನು ಕೇಳೋದು?

ನಿಮ್ಮ ಮನೆಯಲ್ಲಿ ತಾತನೋ ದೊಡ್ಡಪ್ಪನೋ ಪುಷ್ಪಕದ ಮುಂದೆ ನಿಂತ ಫೋಟೋ ಇದ್ದರೆ ದಯವಿಟ್ಟು ತಿಳಿಸಿ. ಬಣ್ಣ ಯಾವುದಿತ್ತು ಅಂತಲೂ ಕೇಳಿ ನೋಡಿ. ನನ್ನದಕ್ಕೆ ಇನ್ನೂ ಬಣ್ಣ ಬಳಿದಿಲ್ಲ.